ಸಂಪಾದಕರ ಉತ್ತರ: ಕೊಲೆಸ್ಟರಾಲ್ ಮಾತ್ರೆಯೂ ಕರುಳಿನ ಸೋಂಕೂ

ಮಾನ್ಯರೇ,

ನ್ಯುಮೋನಿಯಾಕ್ಕೆಂದು ಆಸ್ಪತ್ರೆ ಸೇರಿದ ನಿಮ್ಮ ತಂದೆಯವರಿಗೆ ಆಂಟಿಬಯೋಟಿಕ್ ಕೊಡತೊಡಗಿದ ಆರನೆಯ ದಿನ ಭೇದಿ ಹತ್ತಿಕೊಂಡು, ಅದು ಕ್ಲಾಸ್ಟ್ರಿಡಿಯೋಯಿಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾದ ಸೋಂಕೆಂದು ಪರೀಕ್ಷೆಯಲ್ಲಿ ಗೊತ್ತಾಯಿತೆಂದು ಬರೆದಿದ್ದೀರಿ. ಕೊಲೆಸ್ಟರಾಲ್ ತಗ್ಗಿಸಲೆಂದು ಅವರು ವರ್ಷಗಳಿಂದ ನುಂಗುತ್ತಿರುವ ಅಟೋರ್ವಾಸ್ಟ್ಯಾಟಿನ್ ಮಾತ್ರೆಯೇ ಈ ಸೋಂಕಿನಲ್ಲಿ ಜೀವ ಉಳಿಸುತ್ತದೆಂಬ ವಾಟ್ಸಾಪ್ ಸಂದೇಶವನ್ನು ನೋಡಿ, ಅದರ ಪ್ರಮಾಣ ಹೆಚ್ಚಿಸುವಂತೆ ವೈದ್ಯರನ್ನು ಕೇಳಬಹುದೇ ಎಂದಿದ್ದೀರಿ. ಬೇಡ ಎಂಬುದೇ ನನ್ನ ಉತ್ತರ. ಆದರೆ ಆ ಸಂದೇಶ ಪೂರ್ತಿ ಕಟ್ಟುಕತೆಯಲ್ಲವಾದ್ದರಿಂದ ಕಾರಣವನ್ನು ವಿವರವಾಗಿಯೇ ಹೇಳಬೇಕು.

ಆಂಟಿಬಯೋಟಿಕ್‌ನಿಂದ ಕರುಳಿನ ಉಪಕಾರಿ ಜೀವಾಣುಗಳು ಸತ್ತು ತೆರವಾದ ಜಾಗದಲ್ಲಿ ಈ ಬ್ಯಾಕ್ಟೀರಿಯಾ ಬೆಳೆದು ವಿಷಗಳನ್ನು ಸುರಿಸುತ್ತದೆ. ಕರುಳಿನ ಒಳಪದರದ ಕೋಶಗಳ ಆಕಾರವನ್ನು ಕಾಯುವ ‘ರೋ’ ಪ್ರೋಟೀನುಗಳನ್ನು ಈ ವಿಷಗಳು ನಿಷ್ಕ್ರಿಯಗೊಳಿಸುತ್ತವೆ. ಇತ್ತ ಸ್ಟ್ಯಾಟಿನ್ (ಅಟೋರ್ವಾಸ್ಟ್ಯಾಟಿನ್ ಸೇರಿರುವ ಔಷಧಗಳ ಗುಂಪು) ತಡೆಯುವುದು ಕೊಲೆಸ್ಟರಾಲ್ ತಯಾರಾಗುವ ಹಾದಿಯನ್ನು. ರೋ ಪ್ರೋಟೀನು ಕೋಶದ ಪೊರೆಗೆ ಅಂಟಿ ನಿಲ್ಲಲು ಬೇಕಾದ ಜಿಡ್ಡಿನ ತುಣುಕು ಹುಟ್ಟುವುದೂ ಅದೇ ಹಾದಿಯ ಕವಲಿನಲ್ಲಿ. ಹಾಗಾಗಿ ನಂಟಿರಬಹುದೆಂಬ ಊಹೆ ಬುಡವಿಲ್ಲದ್ದಲ್ಲ. ಆದರೆ ಆ ನಂಟು ರೋಗಿಯನ್ನು ಕಾಯುತ್ತದೋ ಕಾಡುತ್ತದೋ ಎಂಬುದು ಊಹೆಯಿಂದ ತೀರ್ಮಾನವಾಗುವುದಿಲ್ಲ.

ಅಮೆರಿಕದ ಬೋಧನಾ ಆಸ್ಪತ್ರೆಗಳ ದಾಖಲೆಗಳನ್ನು ಆಧರಿಸಿ 2012ರಲ್ಲಿ ‘ಗಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸ್ಟ್ಯಾಟಿನ್ ಪಡೆಯುತ್ತಿದ್ದವರಿಗೆ ಈ ಸೋಂಕು ತಗಲುವ ಸಂಭವ ಸುಮಾರು ಶೇ 22ರಷ್ಟು ಕಡಿಮೆ ಕಂಡಿತ್ತು. ಸೋಂಕಿತರಲ್ಲಿ ಸಾವು ಕಡಿಮೆಯೆಂದ ಅಧ್ಯಯನಗಳೂ ಬಂದಿವೆ. ಇಲ್ಲಿ ನೀವು ಗಮನಿಸಬೇಕಾದದ್ದು ನಿಮ್ಮ ತಂದೆಯವರ ಮಂಚದ ಬಳಿ ತೂಗುಹಾಕಿರುವ ಔಷಧ ಪಟ್ಟಿಯನ್ನು. ಪ್ರಜ್ಞೆ ಮಂಕಾಗಿ ನುಂಗಲಾರದ ಸ್ಥಿತಿಗೆ ರೋಗಿ ಬಂದಾಗ, ದಾದಿಯರು ಮೊದಲು ಗೆರೆ ಎಳೆದು ನಿಲ್ಲಿಸುವುದು ಇಂಥ ದಿನನಿತ್ಯದ ಮಾತ್ರೆಗಳನ್ನೇ. ಆತ ತೀರಿಕೊಂಡರೆ ದಾಖಲೆಯಲ್ಲಿ ‘ಸ್ಟ್ಯಾಟಿನ್ ಪಡೆಯದವರ’ ಸಾಲಿಗೆ ಸೇರಿಬಿಡಬಹುದು. ಜೊತೆಗೆ ವರ್ಷಗಟ್ಟಲೆ ತಪ್ಪದೆ ಮಾತ್ರೆ ನುಂಗುವವರು ಸಾಮಾನ್ಯವಾಗಿ ವೈದ್ಯರ ಸಂಪರ್ಕದಲ್ಲಿರುವವರು, ಮನೆಯಲ್ಲಿ ನೋಡಿಕೊಳ್ಳುವವರು ಇರುವವರು. ಮಾತ್ರೆಯ ಗುಣವನ್ನೂ ಆ ಬದುಕಿನ ಗುಣವನ್ನೂ ಬೇರ್ಪಡಿಸುವುದು, ಲೆಕ್ಕಾಚಾರದ ಸರಿಪಡಿಕೆಗಳೆಷ್ಟೇ ಇರಲಿ, ಬಹಳ ಕಷ್ಟ.

ಈ ಎಚ್ಚರಿಕೆ ಅನುಭವದಿಂದ ಬಂದದ್ದು. ಸೆಪ್ಸಿಸ್, ಅಂದರೆ ಸೋಂಕಿಗೆ ದೇಹ ಅತಿಯಾಗಿ ಪ್ರತಿಕ್ರಿಯಿಸಿ ಅಂಗಗಳು ಕೆಡುವ ಸ್ಥಿತಿಯ, ರೋಗಿಗಳ ದಾಖಲೆಗಳಲ್ಲೂ ಸ್ಟ್ಯಾಟಿನ್ ಹೀಗೆಯೇ ಹೊಳೆದಿತ್ತು. ಆದರೆ ಸೆಪ್ಸಿಸ್‌ನಿಂದ ಶ್ವಾಸಕೋಶ ಕೆಟ್ಟ 745 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ರೋಸುವಾಸ್ಟ್ಯಾಟಿನ್ ಎಂಬ ಇನ್ನೊಂದು ಸ್ಟ್ಯಾಟಿನ್ ಅಥವಾ ಔಷಧವಿಲ್ಲದ ಹುಸಿಮಾತ್ರೆ ಕೊಟ್ಟು ನೋಡಿದಾಗ, ಸಾವಿನ ಪ್ರಮಾಣ ತಗ್ಗಲಿಲ್ಲವೆಂದು 2014ರಲ್ಲಿ ವರದಿಯಾಯಿತು.

ಹಾಗೆಂದು ಹೃದಯಕ್ಕಾಗಿ ಕೊಟ್ಟ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ನ್ಯುಮೋನಿಯಾಕ್ಕೆ ಕ್ಲಾರಿತ್ರೋಮೈಸಿನ್ ಎಂಬ ಆಂಟಿಬಯೋಟಿಕ್ ಕೊಡುತ್ತಿದ್ದಾರೆಯೇ ಎಂದು ಮಾತ್ರ ಖಂಡಿತ ಕೇಳಿ. ಅದು ರಕ್ತದಲ್ಲಿ ಅಟೋರ್ವಾಸ್ಟ್ಯಾಟಿನ್ ಮಟ್ಟವನ್ನು ಏರಿಸಿ ಸ್ನಾಯುಗಳಿಗೂ, ಅದರಿಂದ ಮೂತ್ರಪಿಂಡಕ್ಕೂ ಹಾನಿ ಮಾಡಬಲ್ಲದು. ಭೇದಿಯಿಂದ ನೀರು ಬತ್ತಿದ ದೇಹಕ್ಕೆ ಆ ಅಪಾಯ ಇನ್ನೂ ಹೆಚ್ಚು. ಮೈಕೈ ವಿಪರೀತ ನೋಯುತ್ತಿದ್ದರೆ, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದ್ದರೆ ತಕ್ಷಣ ತಿಳಿಸಿ. ಕರುಳಿನ ಸೋಂಕಿಗೆ ಮುಖ್ಯ ಔಷಧಗಳಲ್ಲೊಂದು ವ್ಯಾಂಕೋಮೈಸಿನ್. ರಕ್ತನಾಳಕ್ಕೆ ಕೊಟ್ಟರೆ ಅದು ಕರುಳಿಗೆ ಸಾಕಷ್ಟು ತಲುಪದ ಕಾರಣ ಬಾಯಿಂದಲೇ ಕೊಡುತ್ತಾರೆ. ಇನ್ನು, ಮಂಚದ ಪಕ್ಕದ ಸ್ಯಾನಿಟೈಸರ್ ಈ ಬ್ಯಾಕ್ಟೀರಿಯಾದ ಬೀಜಾಣುಗಳನ್ನು ಕೊಲ್ಲುವುದಿಲ್ಲ. ತಂದೆಯವರನ್ನು ಶುಚಿಗೊಳಿಸಿದ ಪ್ರತಿ ಸಲವೂ ನಲ್ಲಿಯ ಕೆಳಗೆ ಸೋಪು ಹಚ್ಚಿ ಕೈ ತೊಳೆಯಿರಿ. ನಿಮ್ಮ ತಾಯಿಯವರಿಗೂ ಹೇಳಿ.

— ಸಂಪಾದಕ