ಕ್ರಾಸ್‌ನಲ್ಲಿ ಐದು ಅಪಘಾತ, ಊರಲ್ಲಿ ಹೋಮದ ಚಂದಾ

ಪ್ರಶ್ನೆ: ನಮ್ಮೂರ ಕ್ರಾಸ್‌ನಲ್ಲಿ ವರ್ಷಕ್ಕೆ ಸುಮಾರು ಎರಡು ಅಪಘಾತ ಆಗುತ್ತಿದ್ದವು. ಕಳೆದ ವರ್ಷ ಐದಾದವು. ಅಲ್ಲಿ ಏನೋ ಇದೆ ಎಂದು ಶಾಂತಿ ಹೋಮಕ್ಕೆ ಚಂದಾ ಎತ್ತುತ್ತಿದ್ದಾರೆ. ಏನಂತೀರಿ?

ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತೆ. ಒಮ್ಮೆ ಕ್ರಾಸ್, ಒಮ್ಮೆ ಕೆರೆ, ಒಮ್ಮೆ ರೈಲ್ವೆ ಗೇಟು, ಅಷ್ಟೇ ವ್ಯತ್ಯಾಸ. ಸರಾಸರಿ ಎರಡು ಅಂದ್ರೆ ಪ್ರತಿ ವರ್ಷ ಎರಡೇ ಅಂತ ಯಾರು ಹೇಳಿದ್ದು? ಒಂದಕ್ಕೊಂದು ಸಂಬಂಧವಿಲ್ಲದ ಘಟನೆಗಳನ್ನು ಎಣಿಸುವಾಗ ಸಂಖ್ಯಾಶಾಸ್ತ್ರದಲ್ಲಿ ಬಳಸುವುದು ಪಾಯ್ಸನ್ ಹಂಚಿಕೆ, ಅಂದ್ರೆ ಸರಾಸರಿ ಇಷ್ಟು ಅಂತ ಗೊತ್ತಿದ್ದರೆ ಒಂದು ವರ್ಷದಲ್ಲಿ ಸೊನ್ನೆ, ಒಂದು, ಎರಡು ಹೀಗೆ ಎಷ್ಟೆಷ್ಟು ಆಗುವ ಸಾಧ್ಯತೆ ಎಷ್ಟು ಅಂತ ಹೇಳುವ ಲೆಕ್ಕ. ಅದರ ಪ್ರಕಾರ ನಿಮ್ಮ ಕ್ರಾಸ್‌ನಲ್ಲಿ 100 ವರ್ಷಕ್ಕೆ 13-14 ವರ್ಷ ಒಂದೂ ಅಪಘಾತ ಆಗಲ್ಲ (ಆ ವರ್ಷ ಯಾರೂ ನನಗೆ ಪತ್ರ ಬರೆಯಲ್ಲ), ಸುಮಾರು 5 ವರ್ಷ ಐದೋ ಅದಕ್ಕಿಂತ ಜಾಸ್ತಿಯೋ ಆಗುತ್ತವೆ. ತಾಲ್ಲೂಕಿನಲ್ಲಿ ಇಂಥವೇ 20 ಕ್ರಾಸ್ ಇದ್ದರೆ, ಮೂರರಲ್ಲಿ ಎರಡು ವರ್ಷ ಯಾವುದಾದರೂ ಒಂದು ಐದು ಮುಟ್ಟುತ್ತೆ. ಈ ಸಲ ನಿಮ್ಮದು ಮುಟ್ಟಿದೆ.

1944ರಲ್ಲಿ ಜರ್ಮನಿಯ ಹಾರುವ ಬಾಂಬುಗಳು ಲಂಡನ್ ಮೇಲೆ ಬೀಳುವಾಗ ಅಲ್ಲಿನವರೂ ಹೀಗೇ ಅಂದುಕೊಂಡರು, ಬಿದ್ದಲ್ಲೇ ಬೀಳುತ್ತಿವೆ ಅಂತ. ಕ್ಲಾರ್ಕ್ ಎಂಬ ವಿಮಾ ಗಣಿತಜ್ಞ ದಕ್ಷಿಣ ಲಂಡನ್ನಿನ ನಕ್ಷೆಯಲ್ಲಿ ಕಾಲು ಚದರ ಕಿಲೋಮೀಟರಿನ 576 ಚೌಕ ಎಳೆದು, ಬಿದ್ದ 537 ಬಾಂಬುಗಳನ್ನು ಎಣಿಸಿ 1946ರಲ್ಲಿ ಪ್ರಕಟಿಸಿದ. 229 ಚೌಕಗಳಲ್ಲಿ ಒಂದೂ ಬಿದ್ದಿರಲಿಲ್ಲ. ಪಾಯ್ಸನ್ ಲೆಕ್ಕ ಹೇಳಿದ್ದು ಸುಮಾರು 227. ಒಂದೊಂದೇ ಬಿದ್ದ ಚೌಕ 211, ಲೆಕ್ಕವೂ 211. ನಾಲ್ಕು ಬಿದ್ದ ಚೌಕ 7, ಲೆಕ್ಕವೂ 7. ಅಂದ್ರೆ ಬಾಂಬುಗಳು ಬಿದ್ದಲ್ಲೇ ಬೀಳುತ್ತಿರಲಿಲ್ಲ, ಎಲ್ಲೆಂದರಲ್ಲಿ ಬೀಳುತ್ತಿದ್ದವು. ಆ ಏಳು ಚೌಕದವರಿಗೆ ಹೇಗನಿಸಿರಬೇಕು ನೋಡಿ!

ಇನ್ನು ಹೋಮ. ಹಳೇ ಸರಾಸರಿಯೇ ಇದ್ದರೆ ಮುಂದಿನ ವರ್ಷ ನಾಲ್ಕೋ ಅದಕ್ಕಿಂತ ಕಡಿಮೆಯೋ ಆಗುವ ಸಾಧ್ಯತೆ ಶೇ. 95. ಹೋಮ ಮಾಡಿಸಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಹೆಸರು ಮಾತ್ರ ಶಾಂತಿ ಮಾಡಿದ ಪುರೋಹಿತರಿಗೆ, ದಕ್ಷಿಣೆಯೂ ಅವರಿಗೇ.

ಹಾಗಂತ ನನ್ನ ಲೆಕ್ಕ ತೋರಿಸಿ ರಸ್ತೆ ಇಂಜಿನಿಯರ್ ಕೈ ತೊಳೆದುಕೊಳ್ಳೋದು ಬೇಡ. ಬೀದಿ ದೀಪ ಕೆಟ್ಟಿದೆಯಾ, ಹಂಪ್ ಕಿತ್ತಿದ್ದಾರಾ, ಪಕ್ಕದಲ್ಲಿ ಹೊಸ ಬಾರ್ ತೆರೆದಿದೆಯಾ? ಆಗ ಸರಾಸರಿಯೇ ಬದಲಾಗಿರುತ್ತೆ, ಮೇಲಿನದೆಲ್ಲ ಕೆಲಸಕ್ಕೆ ಬರಲ್ಲ. ಅಂದಹಾಗೆ ಆ 'ಸುಮಾರು ಎರಡು' ಟೀ ಅಂಗಡಿ ಲೆಕ್ಕವಾದರೆ, ಮೊದಲು ಠಾಣೆಗೆ ಹೋಗಿ ಹತ್ತು ವರ್ಷದ್ದು ಕೇಳಿ. ಅಪಘಾತ ಎಣಿಸಿ, ಸತ್ತವರನ್ನಲ್ಲ. ಒಂದೇ ಆಟೋದಲ್ಲಿದ್ದ ಮೂವರು ಸತ್ತರೆ ಅದು ಒಂದೇ ಘಟನೆ. ನಾನಾಗಿದ್ದರೆ ಚಂದಾ ದುಡ್ಡಲ್ಲಿ ದೀಪ ಹಾಕಿಸುತ್ತಿದ್ದೆ.

ಪ್ರಶ್ನೆ: ಪಾಯ್ಸನ್ ಅಂದ್ರೆ ವಿಷ ಅಲ್ವಾ?

ಅಲ್ಲ. ಅದು 1837ರಲ್ಲಿ ಇದರ ಬಗ್ಗೆ ಬರೆದ ಫ್ರೆಂಚ್ ಗಣಿತಜ್ಞನ ಹೆಸರು. ಫ್ರೆಂಚಿನಲ್ಲಿ ಆ ಪದಕ್ಕೆ ಮೀನು ಅಂತ ಅರ್ಥ.

ಪ್ರಶ್ನೆ: ಮಟ್ಕಾದಲ್ಲಿ ಹದಿನೈದು ದಿನದಿಂದ 7 ಬಂದಿಲ್ಲ, ಇವತ್ತು ಬರುತ್ತಾ?

ಹದಿನೈದು ದಿನದಿಂದ ಕಾಯುತ್ತಿರೋದು ನೀವು, 7 ಅಲ್ಲ.

ಪ್ರಶ್ನೆ: ಕೇರಿಯಲ್ಲಿ ಎರಡು ಸಾವಾದರೆ ಮೂರನೆಯದು ಆಗಿಯೇ ತೀರುತ್ತಂತೆ, ನಿಜವಾ?

ನಿಜ. ಎಷ್ಟು ದಿನದೊಳಗೆ ಅಂತ ಮಾತ್ರ ಕೇಳಬೇಡಿ.