ನೀರು ಬೇಗ ಏರುತ್ತದೆ: ಒಂದು ಆಪ್ತಸಲಹೆ ಪ್ರಕರಣ

ಈ ಪ್ರಕರಣ ಬರೆಯಲು ಆ ಹುಡುಗಿ ಒಪ್ಪಿದ್ದಾಳೆ. ಬರೆದದ್ದನ್ನು ಮೊದಲು ಅವಳಿಗೇ ಓದಿ ತೋರಿಸಿದ್ದೇನೆ. ಗುರುತು ಸಿಗಬಾರದು ಅಂತ ಮನೆಯ ಮತ್ತು ಆಟದ ಕೆಲವು ವಿವರ ಬದಲಿಸಿದ್ದೇನೆ. ಅಂಕಿಗಳೂ ಬೇರೆ, ಆದರೆ ಲೆಕ್ಕ ಕೂಡುವ ಹಾಗೆ ಇಟ್ಟಿದ್ದೇನೆ.

ಬಾಗಲಕೋಟೆಯ ನವನಗರದಲ್ಲಿರುವ ನನ್ನ ಕೋಣೆಗೆ ಅವಳನ್ನು ಕರೆತಂದದ್ದು ತಾಯಿ. ಹುಡುಗಿ ಇಂಜಿನಿಯರಿಂಗ್ ಕೊನೆಯ ವರ್ಷ. "ರಾತ್ರಿ ಎಲ್ಲಾ ಮೊಬೈಲ್ ಹಿಡ್ಕೊಂಡ ಕುಂದರ್ತಾಳ್ರೀ. ಅರ್ಧಾ ರೊಟ್ಟಿ ತಿಂದು ಏಳ್ತಾಳ. ಕೇಳಿದ್ರ ಏನೂ ಇಲ್ಲ ಅಂತಾಳ," ಎಂದರು ತಾಯಿ. ಮನೆಯವರು ಪ್ರೀತಿ ಗೀತಿ ಇರಬೇಕು ಅಂದುಕೊಂಡಿದ್ದರು. ತಾಯಿಯನ್ನು ಹೊರಗೆ ಕೂರಿಸಿ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು ಹೇಳಿದಳು. "ಎರಡು ದಿನದಾಗ ಒಂದು ಗೇಮ್ ಮಾಡಿದ್ದೆ ರೀ ಮೇಡಂ. ಜನ ಆಡಿ ಬೈದಾರ್ರೀ."

"ಎರಡು ದಿನದಲ್ಲಿ ಮಾಡಿದ ಆಟ ತಾನೆ," ಎಂದುಬಿಟ್ಟೆ. ಸಮಾಧಾನ ಮಾಡಲಿಕ್ಕೇ ಹೇಳಿದ್ದು. ಅವಳ ಮುಖ ಅಲ್ಲಿಗೇ ಮುಚ್ಚಿಹೋಯಿತು. ಮೊದಲ ಭೇಟಿ ಹೆಚ್ಚು ಕಡಿಮೆ ಅದರಲ್ಲೇ ಹಾಳಾಯಿತು. ಇನ್ನೊಬ್ಬರ ನೋವಿನ ಅಳತೆಯನ್ನು ನಾನೇ ಮೊದಲು ಹೇಳಿಬಿಟ್ಟಿದ್ದೆ. ಮುಂದಿನ ವಾರ ಅವಳು ಬಂದಾಗ ಕ್ಷಮೆ ಕೇಳಿದೆ. ಅದಾದ ಮೇಲೆ ಲ್ಯಾಪ್‌ಟಾಪ್ ತೆಗೆದಳು.

ಗೇಮ್ ಜಾಮ್ ಅಂದರೆ ಏನು ಎಂದು ನನಗೆ ಕಲಿಸಿದವಳು ಅವಳೇ. ಒಂದು ವಿಷಯ ಕೊಡುತ್ತಾರೆ. ಗಡುವಿನೊಳಗೆ ಅದರ ಮೇಲೆ ಒಂದು ಪುಟ್ಟ ವಿಡಿಯೋ ಗೇಮ್ ಮಾಡಿ ಹಾಕಬೇಕು. ಲೂಡಮ್ ಡೇರ್ ಎಂಬ ಜಾಮ್ 2002ರಿಂದ ನಡೆಯುತ್ತಿದೆ. ಒಬ್ಬರೇ ಮಾಡುವ ವಿಭಾಗಕ್ಕೆ ಅಲ್ಲಿ 48 ಗಂಟೆ, ತಂಡಕ್ಕೆ 72. ಗ್ಲೋಬಲ್ ಗೇಮ್ ಜಾಮ್ 2009ರಲ್ಲಿ ಶುರುವಾಯಿತು. ಅಲ್ಲಿ ಸ್ಪರ್ಧೆಯೇ ಇಲ್ಲ, ಮಾಡುವುದಷ್ಟೇ. ಇಚ್.ಐಒ ತಾಣದಲ್ಲಂತೂ ಯಾರು ಬೇಕಾದರೂ ಜಾಮ್ ನಡೆಸಬಹುದು. ಇವಳು ಸೇರಿದ್ದು ಅಲ್ಲಿನ ಒಂದು 48 ಗಂಟೆಯ ಜಾಮ್‌ಗೆ. ಗಡುವು ಮುಗಿದ ಮೇಲೆ ಮಾಡಿದವರೇ ಒಬ್ಬರ ಆಟವನ್ನು ಇನ್ನೊಬ್ಬರು ಆಡಿ, ಐದಕ್ಕೆ ಇಷ್ಟು ಅಂತ ಅಂಕ ಕೊಟ್ಟು, ಕಮೆಂಟ್ ಬರೆಯುತ್ತಾರೆ.

ಅವಳ ಆಟದಲ್ಲಿ ಒಂದು ಮನೆ. ಹೊಳೆಯ ನೀರು ಹೊಸ್ತಿಲು ದಾಟಿ ಏರುತ್ತಾ ಬರುತ್ತದೆ. ನೀರು ಅಟ್ಟ ಮುಟ್ಟುವುದರೊಳಗೆ, ಅಂದರೆ 90 ಸೆಕೆಂಡಿನಲ್ಲಿ, ಸಾಮಾನುಗಳನ್ನು ಎತ್ತಿ ಚಕ್ಕಡಿಗೆ ಹಾಕಬೇಕು. ಕೌದಿ, ಹಂಡೆ, ತೊಟ್ಟಿಲು, ಜಗಲಿ ಮೇಲಿನ ದೇವರು, ಬೀಸುವ ಕಲ್ಲು. ಎಲ್ಲವನ್ನೂ ಉಳಿಸಲು ಯಾರಿಗೂ ಆಗುವುದಿಲ್ಲ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೇ ಬಾಗಲಕೋಟೆಯ ಒಂದು ಭಾಗ ಹೋಯಿತು, ಎಷ್ಟೋ ಹಳ್ಳಿ ಹೋದವು. ನವನಗರ ಹುಟ್ಟಿದ್ದೇ ಅದಕ್ಕೆ. ಇಲ್ಲಿ ಚಹಾದಂಗಡಿಯಲ್ಲೂ ಜನ 519.60, 524.256 ಅಂತ ಮೀಟರ್ ಲೆಕ್ಕ ಬಾಯಿಪಾಠ ಹೇಳುತ್ತಾರೆ. ಈಗ ನೀರು ನಿಲ್ಲುವ ಮಟ್ಟ ಒಂದು, ಏರಿಸಬೇಕೆಂದಿರುವ ಮಟ್ಟ ಇನ್ನೊಂದು. ಮುಳುಗಡೆ ಎಂಬ ಒಂದೇ ಶಬ್ದ ಸಾಕು, ಎದುರಿನವರಿಗೆ ಎಲ್ಲಾ ತಿಳಿಯುತ್ತದೆ. ಹುಡುಗಿಯ ತಾಯಿಯ ತವರು ಮನೆಯೂ ಮುಳುಗಡೆಯಲ್ಲಿ ಹೋದದ್ದು. ಅವಳು ಆ ಮನೆ ನೋಡಿಲ್ಲ. ಆಯಿ, ಅಂದರೆ ತಾಯಿಯ ತಾಯಿ, ಹೇಳಿದ್ದನ್ನು ಕೇಳಿ ಕೇಳಿಯೇ ಆ ಮನೆಯನ್ನು ಬರೆದಿದ್ದಾಳೆ. ಅಡುಗೆಮನೆಯ ಬೆಳಕಿಂಡಿ ಎಲ್ಲಿತ್ತು ಎಂಬುದನ್ನೂ ಕೇಳಿಕೊಂಡಿದ್ದಳು.

ಆಗ ಅರ್ಥವಾಯಿತು, ನನ್ನ ಮೊದಲ ಮಾತು ಅವಳಿಗೆ ಯಾಕೆ ಅಷ್ಟು ಚುಚ್ಚಿತು ಅಂತ.

ನಿದ್ದೆ, ಊಟ ಕೆಟ್ಟಿರುವಾಗ ನಾನು ಎಲ್ಲರನ್ನೂ ಕೇಳುವ ಒಂದು ಪ್ರಶ್ನೆಯಿದೆ. ಅವಳನ್ನೂ ನೇರವಾಗಿ ಕೇಳಿದೆ, ಬದುಕುವುದೇ ಬೇಡ ಅನ್ನಿಸಿದೆಯಾ ಅಂತ. ಇಲ್ಲ ಎಂದಳು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ-ಮಾನಸ್‌ನ 14416 ನಂಬರನ್ನು ಅವಳ ಮೊಬೈಲಿನಲ್ಲಿ ಹಾಕಿಸಿದೆ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು, ರಾತ್ರಿಯೂ ಸಿಗುತ್ತಾರೆ. ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂದು ಎಷ್ಟೋ ತಂದೆತಾಯಿ ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳಿದ್ದಕ್ಕೆ ಹಗುರಾದವರನ್ನೇ ನಾನು ಜಾಸ್ತಿ ನೋಡಿದ್ದೇನೆ.

ಇನ್ನು ಕಮೆಂಟುಗಳು. ಒಟ್ಟು 14 ಇದ್ದವು. ಅವಳಿಗೆ ಬಾಯಿಪಾಠ ಬರುತ್ತಿದ್ದದ್ದು ಐದು. ನೀರು ವಿಪರೀತ ಬೇಗ ಏರುತ್ತದೆ, ಆಡಲು ಆಗುವುದಿಲ್ಲ. ಕಲ್ಲು ಎತ್ತಲು ಬರುತ್ತಿಲ್ಲ, ಬಗ್ (ಪ್ರೋಗ್ರಾಮಿನ ದೋಷ) ಇರಬೇಕು. ಸೋಲಲೇಬೇಕು ಎಂದರೆ ಆಡುವುದು ಯಾಕೆ. ಬೇಜಾರಿನ ಆಟ. ಇದನ್ನು ಮಾಡಿದವರಿಗೆ ಗೇಮ್ ಮಾಡಲು ಬರುವುದಿಲ್ಲ. ಉಳಿದ ಒಂಬತ್ತರಲ್ಲಿ ಏನಿತ್ತು ಎಂದು ಕೇಳಿದೆ. "ಸುಮ್ನ ಚಲೋ ಐತಿ ಅಂತ ಬರ್ದಾರ್ರೀ," ಎಂದಳು. ತೆರೆದು ಓದಿಸಿದೆ. ಅವುಗಳಲ್ಲಿ ಒಬ್ಬರು, ಕೊನೆಗೆ ದೇವರನ್ನು ಬಿಟ್ಟು ತೊಟ್ಟಿಲು ಎತ್ತಿಕೊಂಡೆ, ಆಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂತೆ ಎಂದು ಬರೆದಿದ್ದರು. ಅದನ್ನು ಓದಿದ ನೆನಪೇ ಅವಳಿಗಿರಲಿಲ್ಲ.

ಅಂಕದ ಕಥೆ ಬೇರೆ. "ಐದಕ್ಕ ಮೂರು ಬಂತ್ರೀ. ಜಸ್ಟ್ ಪಾಸ್," ಎಂದಳು. ಫಲಿತಾಂಶದ ಪುಟವನ್ನು ಇಬ್ಬರೂ ಕೂತು ಓದಿದೆವು. ಅಲ್ಲಿ ಎರಡು ಅಂಕಣ ಇರುತ್ತವೆ. ಒಂದು ಆಡಿದವರು ನಿಜವಾಗಿ ಕೊಟ್ಟ ಅಂಕದ ಸರಾಸರಿ. ಇನ್ನೊಂದು ಹೊಂದಿಸಿದ ಅಂಕ, ಸ್ಥಾನ ಸಿಗುವುದು ಅದರ ಮೇಲೆ. ಜಾಮ್‌ನ ಆಟಗಳನ್ನೆಲ್ಲ ಬಂದ ರೇಟಿಂಗ್‌ಗಳ ಸಂಖ್ಯೆಯ ಲೆಕ್ಕದಲ್ಲಿ ಸಾಲಾಗಿ ನಿಲ್ಲಿಸಿದರೆ ನಡುವೆ ನಿಲ್ಲುವ ಆಟಕ್ಕೆ ಎಷ್ಟು ರೇಟಿಂಗ್ ಬಂದಿದೆಯೋ, ಅದಕ್ಕಿಂತ ಕಡಿಮೆ ಬಂದ ಆಟಗಳ ಅಂಕ ಇಳಿಯುತ್ತದೆ. ಇಬ್ಬರೇ ಗೆಳೆಯರು ಐದೈದು ಕೊಟ್ಟು ಮೊದಲ ಸ್ಥಾನಕ್ಕೆ ಕೂರಿಸಬಾರದು ಅಂತ ಈ ನಿಯಮ. ಇವಳ ಜಾಮ್‌ನಲ್ಲಿ ಆ ನಡುವಿನ ಸಂಖ್ಯೆ 25. ಇವಳ ಆಟಕ್ಕೆ ಬಂದದ್ದು 16. 16ನ್ನು 25ರಿಂದ ಭಾಗಿಸಿ ವರ್ಗಮೂಲ ತೆಗೆದರೆ 0.8. ಜನ ಕೊಟ್ಟ ಸರಾಸರಿ 3.75. ಅದನ್ನು 0.8ರಿಂದ ಗುಣಿಸಿದರೆ 3.

ಲೆಕ್ಕ ಮಾಡಿದವಳು ಅವಳೇ. ನನಗಿಂತ ಗಣಿತ ಚೆನ್ನಾಗಿ ಬರುತ್ತದೆ. ಎರಡು ವಾರ ಆ ಪುಟವನ್ನು ದಿನಕ್ಕೆ ಹತ್ತಾರು ಸಲ ತೆರೆದಿದ್ದಾಳೆ, ಪಕ್ಕದ ಅಂಕಣದ ಕಡೆ ಒಮ್ಮೆಯೂ ನೋಡಿಲ್ಲ. ನೋವಾದಾಗ ಕಣ್ಣು ನೋವಾದ ಜಾಗಕ್ಕೇ ಹೋಗುತ್ತದೆ. ಮಾರ್ಕ್ಸ್ ಕಾರ್ಡ್ ಹಿಡಿದು ಬರುವ ಮಕ್ಕಳಲ್ಲೂ ಇದನ್ನೇ ಕಾಣುತ್ತೇನೆ. ಅವಳ ಆಟ ಕೆಳಗಿಳಿದದ್ದು ಆಡಿದವರಿಗೆ ಬೇಡವಾಗಿ ಅಲ್ಲ, ಆಡಿದವರು ಕಡಿಮೆ ಇದ್ದರು ಅಂತ. ಅದಕ್ಕೂ ಕಾರಣ ಇತ್ತು. ಜಾಮ್‌ಗಳಲ್ಲಿ ನಾವು ಹೋಗಿ ಬೇರೆಯವರ ಆಟ ಆಡಿ ಬರೆದರೆ, ಅವರೂ ನಮ್ಮ ಆಟಕ್ಕೆ ಬರುತ್ತಾರೆ. ಮದುವೆ ಮನೆಯ ಮುಯ್ಯಿ ಇದ್ದ ಹಾಗೆ. ಇವಳು ಮೊದಲ ಕೆಟ್ಟ ಕಮೆಂಟ್ ಬಂದ ದಿನವೇ ಬೇರೆಯವರ ಆಟ ಆಡುವುದನ್ನು ಬಿಟ್ಟಿದ್ದಳು.

ಗೆಳೆಯರು ಸಮಾಧಾನಕ್ಕೆ ಬಾಬಾ ಈಸ್ ಯು ಎಂಬ ಆಟದ ಕಥೆ ಹೇಳಿದ್ದರಂತೆ. ಅದು 2017ರಲ್ಲಿ ನಾರ್ಡಿಕ್ ಗೇಮ್ ಜಾಮ್‌ನಲ್ಲಿ ಹುಟ್ಟಿ, ಅಲ್ಲಿ ಗೆದ್ದು, 2019ರಲ್ಲಿ ಪೂರ್ತಿ ಆಟವಾಗಿ ಬಂದು ಹೆಸರು ಮಾಡಿತು. ಕಥೆ ನಿಜ. ಆದರೆ ನೊಂದವರ ಮುಂದೆ ಗೆದ್ದವರ ಕಥೆ ಹೇಳಬೇಡಿ. ಅವಳಿಗೆ ಅದು ಇನ್ನೊಂದು ಭಾರವಾಯಿತು, ಅಷ್ಟೇ.

ಮೂರನೇ ಭೇಟಿಯಲ್ಲಿ 14 ಕಮೆಂಟುಗಳನ್ನೂ ಚೀಟಿಗಳಲ್ಲಿ ಬರೆಸಿ ಮೇಜಿನ ಮೇಲೆ ಹರಡಿದೆ. ಆಡಿದವರ ಕೈಗೆ ಆದದ್ದನ್ನು ಹೇಳುವ ಚೀಟಿಗಳನ್ನು ಒಂದು ಕಡೆ ಇಡು ಎಂದೆ. ಹೀಗೆ ಮಾಡಬೇಕಿತ್ತು ಎಂದು ಹೇಳುವವು ಇನ್ನೊಂದು ಕಡೆ. ಅವಳ ಬಗ್ಗೆಯೇ ಮಾತಾಡುವವು ಮತ್ತೊಂದು ಕಡೆ. ಮೂರನೇ ಗುಂಪಿಗೆ ಬಂದದ್ದು ಒಂದೇ ಚೀಟಿ, ಗೇಮ್ ಮಾಡಲು ಬರುವುದಿಲ್ಲ ಎನ್ನುವುದು. ಅದರಲ್ಲಿ ಆಟದ ಬಗ್ಗೆ ಒಂದು ಮಾತೂ ಇರಲಿಲ್ಲ. ಅದನ್ನು ಮಡಚಿ ನನ್ನ ಡ್ರಾಯರ್‌ನಲ್ಲಿ ಇಟ್ಟುಕೊಂಡೆ. "ಇದು ನನ್ನ ಹತ್ರ ಇರಲಿ. ಬೇಕನ್ನಿಸಿದಾಗ ಬಂದು ಕೇಳು," ಎಂದೆ. ಅವಳು ಈವರೆಗೆ ಕೇಳಿಲ್ಲ.

ಕಷ್ಟವಾದದ್ದು ನೀರಿನ ಚೀಟಿ. "ನೀರು ಬೇಗ ಏರಿದ್ದು ಖರೇ ಅಲ್ರೀ ಮೇಡಂ? ಆಯಿಗೆ ಯಾರು ಟೈಮ್ ಕೊಟ್ಟಿದ್ರು?" ಎಂದು ಅತ್ತಳು. ನೀರನ್ನು ನಿಧಾನ ಮಾಡಿ ಎಂದು ಯಾರೋ ದೂರದವರು ಹೇಳಿದ್ದು ಅವಳಿಗೆ ಆಯಿಯ ದುಃಖ ಸುಳ್ಳು ಎಂದ ಹಾಗೆ ಕೇಳಿತ್ತು. ಅವಳ ಮಾತಿನಲ್ಲಿ ಸತ್ಯವಿತ್ತು, ಅದನ್ನು ನಾನು ತಳ್ಳಿಹಾಕಲಿಲ್ಲ. ಆದರೆ ಬರೆದವರಿಗೆ ಆಯಿ ಗೊತ್ತಿಲ್ಲ. ಅವರಿಗೆ ಗೊತ್ತಿದ್ದದ್ದು ತಮ್ಮ ಬೆರಳಿಗೆ ಆದದ್ದು. ಆಡುವವರು ಇಲ್ಲಿ ತೊಂದರೆಯಾಯಿತು ಎಂದರೆ ಅಲ್ಲಿ ಏನೋ ಇದ್ದೇ ಇರುತ್ತದೆ. ಅವರು ಹೇಳುವ ಮದ್ದು ಮಾತ್ರ ಎಷ್ಟೋ ಸಲ ತಪ್ಪು.

ಆ ವಾರದ ಕೆಲಸ ಹೀಗಿತ್ತು. ಆಟವನ್ನು ತಾಯಿಯ ಕೈಗೆ ಕೊಡಬೇಕು. ಪಕ್ಕದಲ್ಲಿ ಕೂರಬೇಕು. ಒಂದು ಮಾತೂ ಆಡಬಾರದು, ಕೀ ಯಾವುದು ಅಂತಲೂ ತೋರಿಸಬಾರದು. ಕಂಡದ್ದನ್ನು ಬರೆದುಕೊಳ್ಳಬೇಕು. ಗೇಮ್ ಮಾಡುವವರು ಇದನ್ನು ಪ್ಲೇಟೆಸ್ಟ್ ಎನ್ನುತ್ತಾರಂತೆ. ನನ್ನ ಕೆಲಸದಲ್ಲಿ ಇದೇ ಕೇಳಿಸಿಕೊಳ್ಳುವುದು.

ಅವಳು ತಂದ ಹಾಳೆಯಲ್ಲಿ ಇದ್ದದ್ದನ್ನು ಹೇಳುತ್ತೇನೆ. ಆಟದ ಮೊದಲಲ್ಲಿ ಮನೆಯ ಬಗ್ಗೆ ನಾಲ್ಕು ಸಾಲು ಬರುತ್ತವೆ, ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ. ತಾಯಿ ಅದನ್ನು ನಿಧಾನವಾಗಿ, ತುಟಿ ಆಡಿಸುತ್ತಾ ಓದಿದರು. 22 ಸೆಕೆಂಡು. ಆ ಹೊತ್ತಿಗೆ ಹಿಂದೆ ನೀರು ಏರಲು ಶುರುವಾಗಿಬಿಟ್ಟಿತ್ತು. ಅವಳು ಇದನ್ನು ಯಾವತ್ತೂ ಗಮನಿಸಿರಲಿಲ್ಲ. ಮಾಡುವಾಗ ನೂರಾರು ಸಲ ಆಡಿದ್ದಾಳೆ, ತಾನೇ ಬರೆದ ಸಾಲು ಯಾಕೆ ಓದುತ್ತಾಳೆ? ಒತ್ತಿ ದಾಟಿಬಿಡುತ್ತಿದ್ದಳು. ಅವಳಿಗೆ 90 ಸೆಕೆಂಡು ಸಿಗುತ್ತಿತ್ತು, ಓದುವವರಿಗೆ 68. ಅವಳ ಆಯಿಯ ಮಾತನ್ನು ಗೌರವದಿಂದ ಓದಿದವರೇ ಬೇಗ ಮುಳುಗುತ್ತಿದ್ದರು.

ನೀರನ್ನು ನಿಧಾನ ಮಾಡುವುದೇ ಬೇಕಾಗಿರಲಿಲ್ಲ.

ಎರಡನೆಯದು ಬೀಸುವ ಕಲ್ಲು. ತಾಯಿ ಮೊದಲು ಹೋದದ್ದೇ ಅದರ ಹತ್ತಿರ. ಕೀ ಒತ್ತಿದರು. ಏನೂ ಆಗಲಿಲ್ಲ. ಮತ್ತೆ ಒತ್ತಿದರು. ಏಳು ಸಲ ಎಂದು ಹಾಳೆಯಲ್ಲಿದೆ. ನೀರು ಮೊಣಕಾಲಿಗೆ ಬಂದರೂ ಅಲ್ಲೇ ನಿಂತಿದ್ದರು. ಆಮೇಲೆ ಕೈ ತೆಗೆದು, "ಇದನ್ನ ತರಲಿಲ್ಲ ಬಿಡು ನಾವು. ನಿಮ್ಮ ಆಯಿ ಭಾಳ ಅತ್ತಿದ್ಳು," ಎಂದರಂತೆ. ಕಲ್ಲು ಏಳದಂತೆ ಅವಳು ಬೇಕೆಂದೇ ಮಾಡಿದ್ದಳು. ಆಯಿ ಹೇಳಿದ್ದಳು, ಎತ್ತಲಾಗದೆ ಬಿಟ್ಟು ಬಂದೆವು ಅಂತ. ಆದರೆ ಆಟದಲ್ಲಿ ಅದರ ಸುಳಿವೇ ಇಲ್ಲ. ಕೈ ಚಾಚುವುದಿಲ್ಲ, ಕಲ್ಲು ಅಲುಗುವುದಿಲ್ಲ, ಸದ್ದಿಲ್ಲ. ತಾಯಿಗೆ ಗೊತ್ತಾಯಿತು, ಯಾಕೆಂದರೆ ಅವರು ಆ ಮನೆಯವರು. ಹೊರಗಿನವರು ಬಗ್ ಎನ್ನದೆ ಇನ್ನೇನು ಅಂದಾರು?

ನಾನು ಕೊಟ್ಟ ಸಲಹೆ ಬಹಳವೇನಲ್ಲ. ಪುಟವನ್ನು ದಿನಕ್ಕೆ ಎರಡು ಸಲ, ಊಟ ಆದ ಮೇಲೆ ಮಾತ್ರ ನೋಡಬೇಕು. ರಾತ್ರಿ ಹತ್ತರ ನಂತರ ಮೊಬೈಲ್ ತಾಯಿಯ ಕೋಣೆಯಲ್ಲಿ ಇರಬೇಕು. ಮೊದಲ ವಾರ ಹೊಸ ಕಮೆಂಟುಗಳನ್ನು, ಆಟಕ್ಕೆ ಸಂಗೀತ ಮಾಡಿಕೊಟ್ಟ ಗೆಳತಿ ಓದಿ, ಕೈಗೆ ಆದದ್ದನ್ನು ಹೇಳುವವುಗಳನ್ನು ಮಾತ್ರ ದಾಟಿಸಬೇಕು. ಉತ್ತರವನ್ನು ಅದೇ ದಿನ ಬರೆಯಬಾರದು, ಬರೆದಾಗ ಸಮರ್ಥನೆ ಕೊಡದೆ ಒಂದು ಪ್ರಶ್ನೆ ಕೇಳಬೇಕು. ನೀವು ಎಲ್ಲಿ ಆಟ ನಿಲ್ಲಿಸಿದಿರಿ, ಆಗ ಏನು ಮಾಡಲು ಹೊರಟಿದ್ದಿರಿ ಅಂತ. ದಿನಕ್ಕೆ ಎರಡು ಬೇರೆಯವರ ಆಟ ಆಡಿ, ತನಗೆ ಯಾರಾದರೂ ಬರೆಯಲಿ ಎಂದು ಬಯಸಿದ ಹಾಗೆ ಅವರಿಗೆ ಬರೆಯಬೇಕು. ರೇಟಿಂಗ್ ಮುಗಿದಿದ್ದರೂ ಸರಿ. ಇದರಲ್ಲಿ ನನಗೆ ನಂಬಿಕೆ ಜಾಸ್ತಿ, ಹತ್ತು ಆಟ ಆಡಿ ಬರೆದ ಮೇಲೆ ಅವಳೇ ಹೇಳಿದಳು, ಐದು ನಿಮಿಷದಲ್ಲಿ ಅವಸರದಿಂದ ಬರೆಯುವಾಗ ಮಾತು ಎಷ್ಟು ಒರಟಾಗುತ್ತದೆ ಅಂತ.

ತಾಯಿಗೂ ಒಂದು ಮಾತು ಹೇಳಿದೆ. "ಬಿಡು, ಅದನ್ನ ಯಾಕ ಹಚ್ಚಿಕೊಳ್ತಿ" ಎನ್ನುವುದು ಬೇಡ. ಅವಳು ಹಚ್ಚಿಕೊಂಡದ್ದು ನಿಮ್ಮ ತವರು ಮನೆಯನ್ನು.

ಒಂದು ವಿಷಯದಲ್ಲಿ ನಾನು ಸಲಹೆ ಕೊಡಲಿಲ್ಲ. ಸೋಲಲೇಬೇಕಾದ ಆಟ ಯಾಕೆ ಎಂಬ ಚೀಟಿಗೆ ಏನು ಮಾಡುವುದು ಎಂದು ಅವಳು ಕೇಳಿದಳು. ಅದು ನಿನ್ನದು, ನೀನೇ ನೋಡು ಎಂದೆ. ಎಲ್ಲಾ ಸಾಮಾನು ಉಳಿಯುವ ಹಾಗೆ ಒಂದು ಪ್ರತಿ ಮಾಡಿ ನೋಡಿದಳಂತೆ. ಎರಡು ದಿನ ಇಟ್ಟುಕೊಂಡು, ಅಳಿಸಿಬಿಟ್ಟಳು.

ಐದು ಭೇಟಿ ಆದವು. ನಾಲ್ಕನೆಯ ಹೊತ್ತಿಗೆ ನಿದ್ದೆ ಸರಿಹೋಗಿತ್ತು. ಕೊನೆಯ ಸಲ ಬಂದಾಗ ತಿದ್ದಿದ ಆಟ ತಂದಿದ್ದಳು. ಈಗ ಆಡುವವರು ಮೊದಲ ಹೆಜ್ಜೆ ಇಟ್ಟ ಮೇಲೆಯೇ ನೀರು ಏರುತ್ತದೆ. ನಾನು ಆಡಿದೆ, ಅವಳು ಮಾತಾಡಲಿಲ್ಲ. ಬೀಸುವ ಕಲ್ಲಿನ ಹತ್ತಿರ ಕೀ ಒತ್ತಿದೆ. ಎರಡು ಕೈ ಚಾಚಿದವು, ಕಲ್ಲು ಗರ್ ಎಂದು ಅರ್ಧ ಸುತ್ತು ತಿರುಗಿ ನಿಂತಿತು. ಸ್ವಲ್ಪ ಹಿಟ್ಟು ನೀರಿಗೆ ಚೆಲ್ಲಿತು. ನಾನು ಕೌದಿ ಎತ್ತಿಕೊಂಡು ಹೊರಗೆ ಬಂದೆ. ಅವಳು ಹಾಳೆಯಲ್ಲಿ ಏನೋ ಬರೆದುಕೊಂಡಳು.