ಎಂಟಿಎಚ್‌ಎಫ್‌ಆರ್ ರಿಪೋರ್ಟ್ ಹಿಡಿದು ಬರುವವರು

ನಾನು ಜೆನೆಟಿಕ್ ಸಲಹೆಗಾರ್ತಿ. ಎಂಟಿಎಚ್‌ಎಫ್‌ಆರ್ ಎಂಬ ಜೀನಿನ ಪರೀಕ್ಷೆಯ ರಿಪೋರ್ಟ್ ಹಿಡಿದು, ಗರ್ಭಪಾತಕ್ಕೆ ಇದೇ ಕಾರಣವೆಂದು ನಂಬಿ ಬರುವವರು ಹೆಚ್ಚುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಆಕೆಗೆ ಮೂರು ಸಲ ಗರ್ಭಪಾತವಾಗಿತ್ತು, ಮೂರೂ ಹತ್ತು ವಾರದೊಳಗೆ. ರಿಪೋರ್ಟಿನಲ್ಲಿ ‘ಸಿ677ಟಿ, ಹೋಮೋಜೈಗಸ್’ (ಆ ಜೀನಿನ ಎರಡೂ ಪ್ರತಿಯಲ್ಲಿ ಸಿ677ಟಿ ಎಂಬ ಬದಲಾವಣೆ ಇದೆ) ಎಂಬ ಸಾಲಿಗೆ ಯಾರೋ ಕೆಂಪು ಗೆರೆ ಎಳೆದಿದ್ದರು.

“ಪ್ರಾಬ್ಲಂ ಇವಳ ಜೀನಲ್ಲೇ ಇದೆ ಮೇಡಂ,” ಎಂದರು ಗಂಡ.

“ನಿಮ್ಮದು ನೋಡಿಸಿದ್ದೀರಾ?”

“ಇಲ್ಲ. ಯಾರೂ ಹೇಳಲಿಲ್ಲ.”

ಈ ಬದಲಾವಣೆಯ ಒಂದು ಪ್ರತಿಯಾದರೂ ಇರುವವರು ಬಹಳ ಜನ, ನೀವೂ ಇರಬಹುದು ಎಂದೆ. ಫೋಲೇಟ್ ಎಂಬ ಬಿ ವಿಟಮಿನ್ನನ್ನು ದೇಹ ಬಳಸುವ ರೂಪಕ್ಕೆ ತರುವ ಕಿಣ್ವವನ್ನು ತಯಾರಿಸುವುದು ಈ ಜೀನ್. ಎರಡೂ ಪ್ರತಿ ಬದಲಾದವರಲ್ಲಿ ಆ ಕಿಣ್ವದ ಕೆಲಸ ನಿಧಾನ, ನಿಜ. ಆದರೂ ಅವರ ರಕ್ತದಲ್ಲಿ ಫೋಲೇಟ್ ಕಡಿಮೆಯಾಗುವುದು ಸುಮಾರು 16% ಮಾತ್ರ. ಗರ್ಭಕ್ಕೆ ಮೊದಲಿನಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಸಾಮಾನ್ಯ ಫೋಲಿಕ್ ಆಸಿಡ್ (ಮಾತ್ರೆಯ ರೂಪದ ಫೋಲೇಟ್) ತೆಗೆದುಕೊಂಡರೆ ಅವರಿಗೂ ಉಪಯೋಗವಾಗುತ್ತದೆ.

ದೇಹ ನೇರವಾಗಿ ಬಳಸುವ ರೂಪದ ಫೋಲೇಟ್ ಮಾತ್ರೆಯ ಬಗ್ಗೆ, ಅಷ್ಟು ಹೊತ್ತು ಸುಮ್ಮನಿದ್ದ ಆಕೆ ಕೇಳಿದರು: “ಆ ಮೀಥೈಲ್‌ಫೋಲೇಟ್ ಮಾತ್ರೆ ಮೊದಲೇ ತಗೊಂಡಿದ್ದರೆ ಮೂರನೇದು ಉಳೀತಿತ್ತಾ?”

ಇಂಥ ಪ್ರಶ್ನೆಗೆ ‘ನಿಮಗೇನನ್ನಿಸುತ್ತದೆ’ ಎಂದು ಮರುಪ್ರಶ್ನೆ ಹಾಕುವುದು ನಮ್ಮ ವೃತ್ತಿಯ ರೂಢಿ. ಆ ದಿನ ಹಾಕಲಿಲ್ಲ. “ಹಾಗೆ ಹೇಳಲು ಯಾವ ಆಧಾರವೂ ಇಲ್ಲ. ನಿಮ್ಮಿಂದ ಏನೂ ತಪ್ಪಾಗಿಲ್ಲ,” ಎಂದೆ. ಆರಂಭದ ಗರ್ಭಪಾತಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಆ ಭ್ರೂಣದ ಕ್ರೋಮೋಸೋಮ್ ಲೆಕ್ಕ ತಪ್ಪಿದ್ದೇ ಕಾರಣ. ಅದು ಮಾತ್ರೆಯಿಂದ ಸರಿಹೋಗುವಂಥದ್ದಲ್ಲ. ಆಕೆ ಗಂಡನ ಕಡೆ ನೋಡಿದರು. ಅವರು ಫೈಲು ಮುಚ್ಚಿದರು.

ಸಲಹೆಗಾರರು ಇಷ್ಟು ಖಡಾಖಂಡಿತವಾಗಿ ಮಾತಾಡಬಾರದು ಎನ್ನುವವರಿದ್ದಾರೆ. ಆದರೆ ಪದೇಪದೇ ಗರ್ಭಪಾತವಾದವರಿಗೆ ಈ ಜೀನ್ ಪರೀಕ್ಷೆ ಮಾಡಿಸಬೇಡಿ ಎಂದು ಅಮೆರಿಕದ ವೈದ್ಯಕೀಯ ತಳಿವಿಜ್ಞಾನಿಗಳ ಸಂಘ 2013ರಲ್ಲೇ ಹೇಳಿದೆ. ‘ಮಾಡಿಸಿದರೆ ನಷ್ಟವೇನು’ ಎನ್ನುವವರು ಆ ಕೆಂಪು ಗೆರೆ ಮನೆಯೊಳಗೆ ಏನೇನು ಮಾಡುತ್ತದೆಂದು ನೋಡಿಲ್ಲ.

ಮಾಡಿಸಬೇಕಾದ್ದು ಬೇರೆ ಇತ್ತು, ಅದು ಫೈಲಿನಲ್ಲಿರಲಿಲ್ಲ: ರಕ್ತ ಹೆಪ್ಪುಗಟ್ಟಿಸಬಲ್ಲ ಆಂಟಿಫಾಸ್ಫೋಲಿಪಿಡ್ ಆಂಟಿಬಾಡಿಯ ಪರೀಕ್ಷೆ, ಥೈರಾಯ್ಡ್, ಗರ್ಭಕೋಶದ ಆಕಾರ ನೋಡುವ ಸ್ಕ್ಯಾನ್. ಇಬ್ಬರ ಕ್ಯಾರಿಯೋಟೈಪ್ (ಕ್ರೋಮೋಸೋಮ್ ಪರೀಕ್ಷೆ) ಬೇಕೇ ಎಂದು ವೈದ್ಯರನ್ನು ಕೇಳಿ ಎಂದೆ. ಆಂಟಿಬಾಡಿ ಪಾಸಿಟಿವ್ ಬಂದರೆ 12 ವಾರ ಬಿಟ್ಟು ಮತ್ತೊಮ್ಮೆ ನೋಡಲೇಬೇಕು. ಮುಂದಿನ ಗರ್ಭಕ್ಕೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಇಂಜೆಕ್ಷನ್ ಎಂದು ಯಾರೋ ಆಗಲೇ ಚೀಟಿ ಬರೆದುಕೊಟ್ಟಿದ್ದರು. ಅದು ಬೇಕೋ ಬೇಡವೋ ಎಂಬುದನ್ನು ವೈದ್ಯರು ಆ ಆಂಟಿಬಾಡಿ ಫಲಿತಾಂಶ ನೋಡಿ ತೀರ್ಮಾನಿಸಲಿ, ಜೀನ್ ರಿಪೋರ್ಟ್ ನೋಡಿ ಅಲ್ಲ ಎಂದು ಹೇಳಿ ಕಳಿಸಿದೆ.